ಮಲೆನಾಡಿನಲ್ಲಿ ಹಳೆಯ ಉಗಿ ಎಂಜಿನ್‌ಗಳ ದುರಸ್ತಿ ಮತ್ತು ಸಂರಕ್ಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತಂದೆ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ) ಕಾಲದಲ್ಲಿ ಫೈರ್‌ಮನ್, ಅಂದರೆ ಎಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವವರು, ಆಗಿದ್ದರು. ಅವರ ಕೈಯ ಕಲ್ಲಿದ್ದಲ ಮಸಿಯನ್ನು ನೋಡುತ್ತ ಬೆಳೆದ ನನಗೆ ಉಗಿ ಎಂಜಿನ್ ಎಂದರೆ ಮೊದಲು ಮನೆಯ ಮಾತು, ಆಮೇಲೆ ಓದಿನ ಮತ್ತು ಕೆಲಸದ ವಿಷಯ. ಶಿವಮೊಗ್ಗ, ಭದ್ರಾವತಿ, ಸಾಗರದ ಕಡೆಯ ಶಿಕ್ಷಕರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ನಿವೃತ್ತ ರೈಲ್ವೆ ನೌಕರರ ಮಕ್ಕಳು ಹಲವು ವರ್ಷಗಳಿಂದ ಕೇಳುತ್ತ ಬಂದಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ನಮ್ಮ ಜಿಲ್ಲೆಗೂ ಉಗಿ ಎಂಜಿನ್‌ಗೂ ಅಂಥ ನಂಟೇನು?

ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ಹಳಿ ಬಂದದ್ದು 1899ರಲ್ಲಿ. ಅಲ್ಲಿಂದ ಮುಂದಕ್ಕೆ ಆನಂದಪುರ, ಸಾಗರದ ಮಾರ್ಗವಾಗಿ ಹಂತಹಂತವಾಗಿ ಸಾಗಿದ ದಾರಿ 1940ರ ಹೊತ್ತಿಗೆ ಜೋಗದ ಸಮೀಪದ ತಾಳಗುಪ್ಪವನ್ನು ಮುಟ್ಟಿತು. ಅಡಿಕೆ, ಅಕ್ಕಿ, ಮರಮಟ್ಟು, ಜೋಗದ ವಿದ್ಯುತ್ ಯೋಜನೆಯ ಸಾಮಗ್ರಿ, ಜಲಪಾತ ನೋಡಲು ಬಂದವರು, ಎಲ್ಲವನ್ನೂ ಎಳೆದದ್ದು ಉಗಿ ಎಂಜಿನ್‌ಗಳೇ. ಇದಲ್ಲದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕೇವಲ 610 ಮಿ.ಮೀ. ಅಗಲದ ನ್ಯಾರೋ ಗೇಜ್ ದಾರಿಯೊಂದಿತ್ತು; ನಮ್ಮ ಹಿರಿಯರು ಅದನ್ನು ಟ್ರಾಮ್ ಎಂದೇ ಕರೆಯುತ್ತಿದ್ದರು.

ಭದ್ರಾವತಿಯ ಕಥೆ ಇನ್ನೂ ದೊಡ್ಡದು. ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯುತ್ತಿದ್ದುದು ಇದ್ದಿಲಿನಿಂದ. ಆ ಇದ್ದಿಲಿಗೆ ಬೇಕಾದ ಸೌದೆಯನ್ನು ಕಾಡಿನೊಳಗಿಂದ ತರಲು ಟ್ರಾಮ್ ಹಳಿಗಳಿದ್ದವು. ಕೆಮ್ಮಣ್ಣುಗುಂಡಿಯ ಅದಿರು ಬೆಟ್ಟದಿಂದ ರೋಪ್‌ವೇಯಲ್ಲಿ ಕೆಳಗಿಳಿಯುತ್ತಿತ್ತು. ಕಬ್ಬಿಣ ಕರಗಿಸುವ, ಎರಕ ಹೊಯ್ಯುವ, ಬಾಯ್ಲರ್ ಕಾಯುವ ವಿದ್ಯೆ ಹೀಗೆ ಈ ನೆಲದಲ್ಲಿ ಮೂರ್ನಾಲ್ಕು ತಲೆಮಾರು ಬಾಳಿದೆ. ಆದ್ದರಿಂದ ಹಳೆಯ ಎಂಜಿನ್ ಒಂದನ್ನು ಉಳಿಸುವುದು ನಮಗೆ ಹೊರಗಿನಿಂದ ತಂದುಕೊಂಡ ಹವ್ಯಾಸವಲ್ಲ.

ಸಂರಕ್ಷಣೆ ಎಂದರೇನು, ಪುನರುಜ್ಜೀವನ ಎಂದರೇನು? ಎರಡೂ ಒಂದೇ ಅಲ್ಲವೇ?

ಒಂದೇ ಅಲ್ಲ, ಮತ್ತು ಈ ವ್ಯತ್ಯಾಸವನ್ನು ಮೊದಲೇ ತೀರ್ಮಾನಿಸಿಕೊಳ್ಳದ ಕಡೆಗಳಲ್ಲೇ ಹೆಚ್ಚು ಹಾನಿಯಾಗಿದೆ. ಎಂಜಿನ್ ಇರುವ ಸ್ಥಿತಿ ಇನ್ನಷ್ಟು ಕೆಡದಂತೆ ತಡೆಯುವುದು ಸಂರಕ್ಷಣೆ. ಅದನ್ನು ಮತ್ತೆ ಉಗಿ ಏರಿಸಿ ಓಡುವ ಸ್ಥಿತಿಗೆ ತರುವುದು ಪುನರುಜ್ಜೀವನ. ಎರಡನೆಯದಕ್ಕೆ ಕೈಹಾಕಿದಾಗ ಟ್ಯೂಬು, ಸ್ಟೇ (ಬಾಯ್ಲರಿನ ಗೋಡೆಗಳನ್ನು ಬಿಗಿಹಿಡಿಯುವ ಬೋಲ್ಟು), ಪೈಪು, ಬೇರಿಂಗ್ ಹೀಗೆ ಎಷ್ಟೋ ಮೂಲ ಭಾಗಗಳನ್ನು ತೆಗೆದು ಹೊಸದು ಹಾಕಲೇಬೇಕಾಗುತ್ತದೆ; ಎಂಜಿನ್ ಜೀವಂತವಾಗುತ್ತದೆ, ಆದರೆ ಅದರ ಮೈಯಲ್ಲಿದ್ದ ಸಾಕ್ಷ್ಯದ ಒಂದು ಪಾಲು ಹೋಗುತ್ತದೆ.

ಒಂದೇ ತರಗತಿಯ, ಅಂದರೆ ಒಂದೇ ಮಾದರಿಯ, ಹಲವು ಎಂಜಿನ್‌ಗಳು ಉಳಿದಿದ್ದರೆ ಅವುಗಳಲ್ಲಿ ಗಟ್ಟಿಯಾದ ಒಂದನ್ನು ಓಡಿಸಲು ಆರಿಸಿಕೊಳ್ಳುವುದು ನ್ಯಾಯ. ಒಂದೇ ಒಂದು ಉಳಿದಿದ್ದರೆ ಅದನ್ನು ಬಿಚ್ಚುವ ಮುನ್ನ ನೂರು ಸಲ ಯೋಚಿಸಬೇಕು ಎಂಬುದು ನನ್ನ ನಿಲುವು.

ಹಳೆಯ ಎಂಜಿನ್ ಒಂದರ ಜವಾಬ್ದಾರಿ ನಮ್ಮ ಪಾಲಿಗೆ ಬಂದಿದೆ. ಮೊದಲ ವಾರ ಏನು ಮಾಡಬೇಕು?

ಬಣ್ಣದ ಡಬ್ಬಿಯನ್ನು ಮುಟ್ಟಬಾರದು. ಗ್ಯಾಸ್ ಕಟ್ಟರನ್ನಂತೂ ಅಂಗಳಕ್ಕೇ ತರಬಾರದು.

ಮೊದಲ ಕೆಲಸ ಫೋಟೊ ತೆಗೆಯುವುದು. ನಾಲ್ಕೂ ದಿಕ್ಕಿನಿಂದ, ಕೆಳಗಿನಿಂದ, ಡ್ರೈವರ್ ನಿಲ್ಲುವ ಕ್ಯಾಬ್‌ನೊಳಗೆ, ಬೆಂಕಿ ಉರಿಸುವ ಫೈರ್‌ಬಾಕ್ಸ್‌ನೊಳಗೆ, ಪ್ರತಿಯೊಂದು ಪೈಪಿನ ಕೊನೆಯನ್ನೂ ತೆಗೆಯಬೇಕು. ಒಂದು ಬೋಲ್ಟು ಬಿಚ್ಚುವ ಮೊದಲು ಅದು ಹೇಗಿತ್ತು ಎಂಬುದರ ದಾಖಲೆ ಇರಬೇಕು. ಬಿಚ್ಚಿದ ಮೇಲೆ ಅದಕ್ಕೆ ತಗಡಿನ ಚೀಟಿ ಕಟ್ಟಿ ನಂಬರು ಹಾಕಬೇಕು. ಕಾಗದದ ಚೀಟಿ ನಮ್ಮ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಎರಡನೆಯ ಕೆಲಸ ಬೂದಿ ತೆಗೆಯುವುದು. ಎಂಜಿನ್ನಿನ ಮುಂಭಾಗದ ದುಂಡು ಬಾಗಿಲನ್ನು ತೆರೆದರೆ ಚಿಮಣಿಯ ಕೆಳಗಿನ ಹೊಗೆಯ ಗೂಡು, ಅಂದರೆ ಸ್ಮೋಕ್‌ಬಾಕ್ಸ್ ಸಿಗುತ್ತದೆ. ಕೊನೆಯ ಓಟದ ಬೂದಿ ಮತ್ತು ಮಸಿ ಎಷ್ಟೋ ಎಂಜಿನ್‌ಗಳಲ್ಲಿ ಹತ್ತಾರು ವರ್ಷಗಳಿಂದ ಅಲ್ಲೇ ಕುಳಿತಿರುತ್ತದೆ. ಕಲ್ಲಿದ್ದಲಲ್ಲಿ ಗಂಧಕವಿರುವುದರಿಂದ ಚಿಮಣಿಯೊಳಗಿನಿಂದ ಇಳಿದ ಮಳೆನೀರು ಆ ಬೂದಿಗೆ ಸೇರಿದಾಗ ಆಮ್ಲವಾಗುತ್ತದೆ, ಮತ್ತು ಆ ಆಮ್ಲ ತಳದ ತಗಡನ್ನು ಒಳಗಿನಿಂದ ತಿನ್ನುತ್ತದೆ. ಸಾರ್ವಜನಿಕ ಜಾಗದಲ್ಲಿ ಕಟ್ಟೆಯ ಮೇಲೆ ನಿಲ್ಲಿಸಿದ್ದ ಎಂಜಿನ್ ಒಂದರ ಬಾಗಿಲನ್ನು ಅನುಮತಿ ಪಡೆದು ತೆರೆದಾಗ ನಾನು ಕಂಡದ್ದನ್ನು ಹೇಳುತ್ತೇನೆ: ಹೊರಗೆ ಫಳಫಳ ಹೊಳೆಯುವ ಕಪ್ಪು ಬಣ್ಣ, ಒಳಗೆ ಮೊಣಕೈ ಆಳದ ಒದ್ದೆ ಬೂದಿ. ಅದನ್ನು ತೋಡಿ ತೆಗೆದ ಮೇಲೆ ತಳದ ತಗಡಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಅದು ನೆನೆದ ರಟ್ಟಿಗೆ ಇಳಿದಂತೆ ಇಳಿಯಿತು. ಎಂಜಿನ್ನಿನ ಹಿಂದೆ ಕಲ್ಲಿದ್ದಲನ್ನೂ ನೀರನ್ನೂ ಹೊರುವ ಬಂಡಿಯಾದ ಟೆಂಡರಿನ ಕಲ್ಲಿದ್ದಲ ಗೂಡಿನಲ್ಲಿ ಮೊಳಕಾಲೆತ್ತರದ ಅರಳಿ ಗಿಡ ಬೇರುಬಿಟ್ಟಿತ್ತು. ಆ ಎಂಜಿನ್ನಿಗೆ ಬಣ್ಣಕ್ಕಾಗಿ ಮಾಡಿದ ಖರ್ಚಿನ ಅಲ್ಪ ಭಾಗದಲ್ಲಿ ಬೂದಿ ತೆಗೆಸಿ ಚಿಮಣಿಗೆ ಮುಚ್ಚಳ ಹಾಕಿಸಬಹುದಾಗಿತ್ತು ಎಂಬ ಸಂಕಟ ನನ್ನಲ್ಲಿ ಈಗಲೂ ಇದೆ.

ಮೂರನೆಯದು ನೀರು ನಿಲ್ಲುವ ಜಾಗಗಳನ್ನು ಹುಡುಕುವುದು. ಬೂದಿ ಬೀಳುವ ಆಶ್‌ಪ್ಯಾನ್, ಟೆಂಡರಿನ ನೀರಿನ ಟ್ಯಾಂಕು, ಸಿಲಿಂಡರುಗಳ ತಳ, ಬಾಯ್ಲರಿನ ಕೆಳ ಅಂಚು, ಎಲ್ಲದರ ಡ್ರೇನ್ ಪ್ಲಗ್ ತೆರೆದು ನೀರು ಹರಿದುಹೋಗುವಂತೆ ಮಾಡಬೇಕು. ಚಿಮಣಿಗೆ ಗಾಳಿಯಾಡುವಂಥ, ಆದರೆ ಮಳೆ ಇಳಿಯದಂಥ ಟೋಪಿ ಬೇಕು.

ನಮ್ಮಲ್ಲಿರುವುದು ಯಾವ ಎಂಜಿನ್ ಎಂದು ಗುರುತಿಸುವುದು ಹೇಗೆ?

ಚಕ್ರಗಳನ್ನು ಎಣಿಸುವುದರಿಂದ ಆರಂಭಿಸಿ. ಸ್ವಾತಂತ್ರ್ಯಾನಂತರದ ಮೀಟರ್ ಗೇಜ್ ಎಂಜಿನ್‌ಗಳಲ್ಲಿ ಪ್ರಯಾಣಿಕರ ಗಾಡಿಗೆಂದೇ ಬಂದದ್ದು ವೈಪಿ ತರಗತಿ. ಮುಂದೆ ನಾಲ್ಕು ಚಿಕ್ಕ ಚಕ್ರ, ನಡುವೆ ಸುಮಾರು 1,372 ಮಿ.ಮೀ. ವ್ಯಾಸದ ಆರು ದೊಡ್ಡ ಚಕ್ರ, ಹಿಂದೆ ಎರಡು. ಇವು 1949ರಿಂದ 1970ರವರೆಗೆ ಒಟ್ಟು 871 ತಯಾರಾದವು. ಅವುಗಳಲ್ಲಿ ಬಹುಪಾಲು ಜಮ್‌ಶೆಡ್‌ಪುರದ ಟೆಲ್ಕೊ ಕಾರ್ಖಾನೆಯವು. ಸರಕು ಗಾಡಿಯ ವೈಜಿ ತರಗತಿಗೆ ಮುಂದೆ ಎರಡು, ನಡುವೆ ಎಂಟು, ಹಿಂದೆ ಎರಡು ಚಕ್ರಗಳಿರುತ್ತವೆ. ಭಾರವಾದ ಎಂಜಿನ್ ಹೊರಲಾರದ ಹಗುರ ಹಳಿಗಳ ಶಾಖಾ ಮಾರ್ಗಗಳಿಗೆಂದು ವೈಎಲ್ ಬಂತು.

ಇಡೀ ಎಂಜಿನ್ನಿನ ನಂಬರು ಕ್ಯಾಬ್ ಪಕ್ಕದ ಫಲಕದಲ್ಲಿ ಇರುತ್ತದೆ. ಆದರೆ ಎಷ್ಟೋ ಫಲಕಗಳು ಕಳವಾಗಿವೆ, ಕೆಲವು ಬದಲಾಗಿವೆ. ಆಗ ಪಿಸ್ಟನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಕನೆಕ್ಟಿಂಗ್ ರಾಡನ್ನು ಕೇಳಬೇಕು. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ಬಟ್ಟೆಯಿಂದ ರಾಡಿನ ಕೊನೆಯನ್ನು ಮೆಲ್ಲನೆ ಉಜ್ಜುತ್ತ ಹೋದರೆ ಮೊದಲು ಬಣ್ಣ, ಆಮೇಲೆ ಮೇಣದಂತೆ ಗಟ್ಟಿಯಾದ ಗ್ರೀಸು, ಅದರಡಿಯಲ್ಲಿ ಬೂದುಬಣ್ಣದ ಉಕ್ಕು, ಉಕ್ಕಿನ ಮೇಲೆ ಉಳಿಯಿಂದ ಹೊಡೆದ ಅಂಕಿಗಳು ಒಂದೊಂದಾಗಿ ಏಳುತ್ತವೆ. ಒಮ್ಮೆ ನಾವು ಹೀಗೆ ಉಜ್ಜಿದಾಗ ಎಡಗಡೆ ರಾಡಿನಲ್ಲಿ ಒಂದು ನಂಬರು, ಬಲಗಡೆಯದರಲ್ಲಿ ಇನ್ನೊಂದು ನಂಬರು ಸಿಕ್ಕಿತು. ಇದು ದೋಷವಲ್ಲ. ಶೆಡ್ಡಿನಲ್ಲಿ ಒಂದು ಎಂಜಿನ್ನಿನ ಗಟ್ಟಿ ಭಾಗವನ್ನು ಇನ್ನೊಂದಕ್ಕೆ ಹಾಕಿ ಗಾಡಿ ಹೊರಡಿಸುವುದು ದಿನನಿತ್ಯದ ಪದ್ಧತಿಯಾಗಿತ್ತು. ಆ ಎರಡು ನಂಬರುಗಳು ಅದರ ಬದುಕಿನ ದಾಖಲೆ. ಗ್ರೈಂಡರ್ ಹಿಡಿದು ಮೈಯೆಲ್ಲ ನುಣ್ಣಗೆ ಮಾಡಿದರೆ ಅಳಿಸಿಹೋಗುವುದು ಇಂಥ ದಾಖಲೆಗಳೇ.

ಮಲೆನಾಡಿನ ಮಳೆಯಲ್ಲಿ ಕಬ್ಬಿಣವನ್ನು ಕಾಪಾಡುವುದು ಸಾಧ್ಯವೇ?

ಸಾಧ್ಯ, ಆದರೆ ಬಯಲುಸೀಮೆಯ ವಿಧಾನವನ್ನು ಇಲ್ಲಿಗೆ ತಂದರೆ ಸಾಧ್ಯವಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಮಳೆ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ಪಸೆ ಆರುವುದೇ ಇಲ್ಲ. ಗಾಳಿಯ ತೇವಾಂಶ ಶೇಕಡ 60ರ ಆಸುಪಾಸನ್ನು ದಾಟಿದ ಮೇಲೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಬಹಳ ಹೆಚ್ಚುತ್ತದೆ. ಅಂದರೆ ಮಳೆಹನಿ ತಾಗದ ಭಾಗವೂ ನಮ್ಮಲ್ಲಿ ಸುರಕ್ಷಿತವಲ್ಲ.

ನಮ್ಮ ಹಳೆಯ ಮನೆಗಳವರಿಗೆ ಇದಕ್ಕೆ ಉತ್ತರ ಗೊತ್ತಿತ್ತು. ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ತಟ್ಟಿ ಗೋಡೆಗೆ ಅಂಟಿಕೊಳ್ಳದೆ, ನಡುವೆ ಗಾಳಿ ಆಡುವಷ್ಟು ಎಡೆ ಇರುವಂತೆ ನೋಡಿಕೊಳ್ಳುತ್ತಿದ್ದರು. ಎಂಜಿನ್ನಿಗೂ ಬೇಕಾದದ್ದು ಅದೇ. ಎತ್ತರದ ಸೂರು, ನಾಲ್ಕೂ ಕಡೆ ಚಾಚಿದ ಇಳಿಜಾರು, ಗಾಳಿ ಬರುವ ಕಡೆಗೆ ತಡಿಕೆ, ಕೆಳಗೆ ನೀರು ನಿಲ್ಲದ ನೆಲ. ಟಾರ್ಪಾಲನ್ನು ಎಂಜಿನ್ನಿನ ಮೈಗೆ ಬಿಗಿದು ಕಟ್ಟುವುದು ಒಳ್ಳೆಯ ಉದ್ದೇಶದ ಕೆಟ್ಟ ಕೆಲಸ. ರಾತ್ರಿ ತಣಿದ ಉಕ್ಕಿನ ಮೇಲೆ ಒಳಗಿನ ಪಸೆ ಹನಿಗಟ್ಟುತ್ತದೆ, ಹೊರಗೆ ಹೋಗಲು ದಾರಿಯಿರುವುದಿಲ್ಲ. ಚಕ್ರಗಳನ್ನು ಸಿಮೆಂಟಿನಲ್ಲಿ ಹೂತು ನಿಲ್ಲಿಸುವುದೂ ಹಾಗೆಯೇ, ಏಕೆಂದರೆ ಸಿಮೆಂಟು ಮತ್ತು ಉಕ್ಕು ಸೇರುವ ಸಂದಿಯಲ್ಲಿ ನೀರು ವರ್ಷವಿಡೀ ಕುಳಿತಿರುತ್ತದೆ. ಜಲ್ಲಿ ಹಾಸಿದ ಹಳಿಯ ಮೇಲೆ ನಿಲ್ಲಿಸುವುದೇ ಸರಿ.

ಬಾಯ್ಲರಿನ ಒಳಭಾಗಕ್ಕೆ ಪ್ರತ್ಯೇಕ ಆರೈಕೆ ಬೇಕು. ಅದನ್ನು ಪೂರ್ತಿ ಬರಿದು ಮಾಡಿ, ಬೆಚ್ಚನೆಯ ಗಾಳಿ ಹಾಯಿಸಿ ಒಣಗಿಸಿ, ತಟ್ಟೆಗಳಲ್ಲಿ ಸುಟ್ಟ ಸುಣ್ಣವನ್ನೋ ಸಿಲಿಕಾ ಜೆಲ್ಲನ್ನೋ ಒಳಗಿಟ್ಟು ಮುಚ್ಚಬೇಕು. ಸುಣ್ಣ ಪಸೆ ಹೀರಿ ಅರಳುತ್ತದೆ. ಅರಳಿದ್ದನ್ನು ತೆಗೆದು ಹೊಸದು ಇಡಬೇಕು. ಇದು ವೀಳ್ಯದೆಲೆಗೆ ಹಚ್ಚುವ ಸುಣ್ಣವನ್ನು ಮನೆಯಲ್ಲೇ ಅರಳಿಸಿದವರಿಗೆ ವಿವರಿಸಬೇಕಾದ ಸಂಗತಿಯಲ್ಲ.

ಸೂರಿಗೂ ಬಣ್ಣಕ್ಕೂ ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಸೂರು ಹಾಕಿಸಿ. ಈ ಉತ್ತರವನ್ನು ನಾನು ಯಾವ ಸಭೆಯಲ್ಲೂ ಬದಲಿಸಿಲ್ಲ.

ಹಾಗಾದರೆ ಬಣ್ಣ ಬೇಡವೇ? ಬಳಿಯುವುದಾದರೆ ಯಾವಾಗ, ಹೇಗೆ?

ಬೇಕು, ಆದರೆ ಅದರ ಸರದಿ ಬಂದಾಗ. ಹಳೆಯ ಬಣ್ಣದ ಪದರಗಳನ್ನು ಕೆರೆಯುವ ಮೊದಲು ಮರೆಯಾದ ಒಂದೆರಡು ಜಾಗಗಳಲ್ಲಿ ಅಂಗೈಯಗಲ ಹಾಗೆಯೇ ಉಳಿಸಿ. ಮುಂದೊಂದು ದಿನ ಮೂಲ ಬಣ್ಣ ಯಾವುದೆಂದು ತಿಳಿಯಲು ಅದೊಂದೇ ಆಧಾರವಾಗಬಹುದು. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು, ಆದ್ದರಿಂದ ಒಣಗಿದ ಬಣ್ಣವನ್ನು ಮುಖಗವಸಿಲ್ಲದೆ ಉಜ್ಜಬಾರದು. ತುಕ್ಕು ತೆಗೆಯಲು ಹೊಳೆಯ ಮರಳನ್ನು ಊದಿಸುವ ಪದ್ಧತಿಯನ್ನು ಕೈಬಿಡಿ. ಅದರ ಧೂಳು ಶ್ವಾಸಕೋಶಕ್ಕೆ ಸಿಲಿಕೋಸಿಸ್ ತರುತ್ತದೆ. ಗಾರ್ನೆಟ್‌ನಂಥ ಬದಲಿಗಳು ದೊರೆಯುತ್ತವೆ.

ಕಾಲದ ಆಯ್ಕೆಯೇ ಇಲ್ಲಿ ಮುಖ್ಯ. ಬರಿಯ ಉಕ್ಕು ಹೊರಬಂದ ಕೆಲವೇ ತಾಸುಗಳಲ್ಲಿ ಮೊದಲ ಪ್ರೈಮರ್ ಬೀಳಬೇಕು, ಮತ್ತು ಲೋಹದ ಬಿಸಿ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು. ನಮ್ಮಲ್ಲಿ ಜನವರಿಯಿಂದ ಮಾರ್ಚ್‌ವರೆಗೆ, ಬೆಳಗಿನ ಮಂಜು ಕರಗಿ ಬಿಸಿಲೇರಿದ ಮೇಲೆ, ಸಂಜೆಯ ತಂಪಿಗೆ ಮೊದಲು ಈ ಕೆಲಸ ಮುಗಿಯಬೇಕು. ಹಿತ್ತಾಳೆಯ ಫಲಕ, ಎಣ್ಣೆ ಬಟ್ಟಲು, ಗೇಜು, ಉಜ್ಜಿ ಹೊಳಪಿಸಿದ ರಾಡು, ಇವುಗಳಿಗೆ ಬಣ್ಣ ಸಲ್ಲದು. ಎಣ್ಣೆ ಅಥವಾ ಮೇಣದ ಲೇಪ ಸಾಕು.

ಬಾಯ್ಲರ್ ಇನ್ನೂ ಗಟ್ಟಿಯಾಗಿದೆಯೇ ಎಂದು ಹೇಗೆ ತಿಳಿಯುತ್ತದೆ?

ಕಣ್ಣಿನಿಂದ ತಿಳಿಯುವುದಿಲ್ಲ. ಈ ಒಂದು ವಿಷಯದಲ್ಲಿ ಧೈರ್ಯ, ಅನುಭವ, ದೇವರ ಮೇಲಿನ ಭಾರ ಯಾವುದೂ ಪರೀಕ್ಷೆಗೆ ಬದಲಾಗದು.

ಬಾಯ್ಲರಿನ ರಚನೆಯನ್ನು ಬಚ್ಚಲುಮನೆಯ ಹಂಡೆಗೆ ಹೋಲಿಸಿ ನೋಡಿ. ಹಂಡೆಯಲ್ಲಿ ಬೆಂಕಿ ಹೊರಗೆ, ನೀರು ಒಳಗೆ. ರೈಲು ಎಂಜಿನ್ನಿನಲ್ಲಿ ಬೆಂಕಿಯ ಪೆಟ್ಟಿಗೆಯೇ ನೀರಿನ ನಡುವೆ ಕುಳಿತಿರುತ್ತದೆ, ಅದರ ಜ್ವಾಲೆ ನೂರಾರು ಟ್ಯೂಬುಗಳ ಮೂಲಕ ನೀರಿನೊಳಗೇ ಹಾದು ಚಿಮಣಿಯತ್ತ ಹೋಗುತ್ತದೆ. ಒಳಪೆಟ್ಟಿಗೆ ಮತ್ತು ಹೊರಗೋಡೆಯ ನಡುವಿನ ನೀರಿನ ಒತ್ತಡ ಎರಡನ್ನೂ ದೂಡಿ ಬೇರೆ ಮಾಡದಂತೆ ಸ್ಟೇ ಎಂಬ ನೂರಾರು ಬೋಲ್ಟುಗಳು ಅವನ್ನು ಬಿಗಿಹಿಡಿದಿರುತ್ತವೆ. ವೈಪಿ ತರಗತಿಯ ಬಾಯ್ಲರು ಪ್ರತಿ ಚದರ ಅಂಗುಲಕ್ಕೆ 210 ಪೌಂಡ್ ಒತ್ತಡದಲ್ಲಿ ಕೆಲಸ ಮಾಡುತ್ತಿತ್ತು. ಆ ಒತ್ತಡದಲ್ಲಿ ಬಾಯ್ಲರು ಬಿರಿದರೆ ಒಳಗಿನ ಕುದಿಯುವ ನೀರು ಕ್ಷಣದಲ್ಲಿ ಉಗಿಯಾಗುತ್ತದೆ, ಮತ್ತು ಹೊರಗಿನ ಗಾಳಿಯ ಒತ್ತಡದಲ್ಲಿ ಉಗಿಯ ಗಾತ್ರ ನೀರಿನದಕ್ಕಿಂತ ಸುಮಾರು 1,600 ಪಟ್ಟು. ಅದರ ಹತ್ತಿರ ನಿಂತವರು ಬದುಕುವುದಿಲ್ಲ.

ಪರೀಕ್ಷೆ ಹಂತಹಂತವಾಗಿ ನಡೆಯುತ್ತದೆ. ಒಳಗೆ ನೀರಿನ ಸುಣ್ಣದಿಂದ ಕಟ್ಟಿದ ಗಾರೆಯನ್ನೂ ತುಕ್ಕನ್ನೂ ತೊಳೆದು ತೆಗೆಯಬೇಕು. ಅಲ್ಟ್ರಾಸೋನಿಕ್ ಉಪಕರಣದಿಂದ ತಗಡಿನ ದಪ್ಪವನ್ನು ನಿಗದಿತ ಚೌಕಗಳಲ್ಲಿ ಅಳೆದು ನಕ್ಷೆಯಲ್ಲಿ ಬರೆಯಬೇಕು. ಒಬ್ಬರು ಫೈರ್‌ಬಾಕ್ಸ್‌ನೊಳಗೆ ಹೊಕ್ಕು ಚಿಕ್ಕ ಸುತ್ತಿಗೆಯಿಂದ ಪ್ರತಿ ಸ್ಟೇಯನ್ನೂ ತಟ್ಟಿ ಕೇಳಬೇಕು. ಗಟ್ಟಿಯಾದದ್ದು ಗಂಟೆಯಂತೆ ಮೊಳಗುತ್ತದೆ, ಮುರಿದದ್ದು ಒಡೆದ ಮಡಕೆಯಂತೆ ಬೊದ್ದು ಸದ್ದು ಮಾಡುತ್ತದೆ. ನನ್ನ ತಂದೆಗೆ ಎಂಬತ್ತು ದಾಟಿದ ಮೇಲೂ ಆ ಸದ್ದಿನ ಭೇದ ತಿಳಿಯುತ್ತಿತ್ತು. ಅನೇಕ ಸ್ಟೇ ಬೋಲ್ಟುಗಳ ಮೈಯೊಳಗೇ ಉದ್ದಕ್ಕೆ ಸಣ್ಣ ರಂಧ್ರ ಕೊರೆದಿರುತ್ತಾರೆ. ಸ್ಟೇ ಮುರಿದರೆ ಆ ರಂಧ್ರದಿಂದ ನೀರು ಜಿನುಗಿ ಸುಳಿವು ಕೊಡುತ್ತದೆ. ತಿಳಿಯದವರು ಅದನ್ನು ಸೋರಿಕೆಯೆಂದು ಬೆಸುಗೆ ಹಾಕಿ ಮುಚ್ಚಿದ್ದನ್ನು ಕಂಡಿದ್ದೇನೆ. ಮುಚ್ಚಿದ್ದು ಎಚ್ಚರಿಕೆಯ ಬಾಯನ್ನು.

ಆನಂತರ ಹೈಡ್ರಾಲಿಕ್ ಪರೀಕ್ಷೆ. ಬಾಯ್ಲರನ್ನು ನೀರಿನಿಂದ ಪೂರ್ತಿ ತುಂಬಿ, ಗಾಳಿಯ ಗುಳ್ಳೆ ಉಳಿಯದಂತೆ ನೋಡಿಕೊಂಡು, ಕೆಲಸದ ಒತ್ತಡಕ್ಕಿಂತ ಹೆಚ್ಚಿಗೆ, ಸಾಮಾನ್ಯವಾಗಿ ಒಂದೂವರೆ ಪಟ್ಟಿನವರೆಗೆ, ಪಂಪಿನಿಂದ ಏರಿಸುತ್ತಾರೆ. ನೀರು ಹೆಚ್ಚು ಕುಗ್ಗುವ ವಸ್ತುವಲ್ಲವಾದ್ದರಿಂದ ಎಲ್ಲಾದರೂ ಬಿರಿದರೂ ಸ್ಫೋಟವಾಗದೆ ಒತ್ತಡ ಇಳಿದುಬಿಡುತ್ತದೆ. ಇದರಲ್ಲಿ ಗೆದ್ದ ಮೇಲಷ್ಟೆ ಬೆಂಕಿ. ರೈಲ್ವೆಯ ಬಾಯ್ಲರುಗಳನ್ನು ರೈಲ್ವೆಯವರೇ ತಮ್ಮ ನಿಯಮದಂತೆ ಪರೀಕ್ಷಿಸುತ್ತಾರೆ. ಬೇರೆಯವರ ಕೈಯಲ್ಲಿರುವ ಬಾಯ್ಲರನ್ನು ರಾಜ್ಯದ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯ ಪ್ರಮಾಣಪತ್ರವಿಲ್ಲದೆ ಹೊತ್ತಿಸಬಾರದು.

ಬಾಯ್ಲರಿನ ಸುತ್ತ ಬೂದುಬಣ್ಣದ ನಾರಿನಂಥ ಪದಾರ್ಥವಿದೆ. ತೆಗೆದುಹಾಕಬಹುದೇ?

ಮುಟ್ಟಬೇಡಿ. ಬಿಸಿ ಉಳಿಸಲು ಹೊರತಗಡಿನ ಕೆಳಗೆ ಸುತ್ತಿರುವ ಅದು ಕಲ್ನಾರು, ಅಂದರೆ ಅಸ್ಬೆಸ್ಟಸ್ ಆಗಿರುವ ಸಾಧ್ಯತೆ ಬಹಳ. ಅದರ ಎಳೆಗಳು ಉಸಿರಿನಲ್ಲಿ ಸೇರಿದರೆ ದಶಕಗಳ ನಂತರ ಕ್ಯಾನ್ಸರ್ ಬರಬಹುದು. ತರಬೇತಿ ಪಡೆದವರಿಂದ, ನೀರು ಸಿಂಪಡಿಸಿ ತೇವ ಮಾಡಿ, ಸರಿಯಾದ ರಕ್ಷಾಕವಚದೊಂದಿಗೆ ತೆಗೆಸಬೇಕು. ಶಾಲಾ ಮಕ್ಕಳ ಶ್ರಮದಾನದಲ್ಲಿ ಈ ಕೆಲಸ ಎಂದಿಗೂ ಸೇರಕೂಡದು.

ತುಂಗೆಯ ನೀರು ಬಾಯ್ಲರಿಗೆ ಒಳ್ಳೆಯದೇ?

"ಗಂಗಾ ಸ್ನಾನ, ತುಂಗಾ ಪಾನ" ಎಂದು ನಾವು ಹೆಮ್ಮೆಯಿಂದ ಹೇಳುವ ಸಿಹಿನೀರು ಬಾಯ್ಲರಿಗೂ ಹಿತವೇ, ಅರ್ಧದಷ್ಟು. ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿನ ಸುಣ್ಣದ ಅಂಶ ಟ್ಯೂಬುಗಳ ಮೇಲೆ ಗಾರೆಯಾಗಿ ಕಟ್ಟುತ್ತದೆ, ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿಪದರ ಕಟ್ಟುವಂತೆಯೇ. ಗಾರೆ ಕಟ್ಟಿದಲ್ಲಿ ಬಿಸಿ ನೀರಿಗೆ ತಲುಪದೆ ಲೋಹವೇ ಕಾದು ಮೆತ್ತಗಾಗುತ್ತದೆ. ಮಲೆನಾಡಿನ ಹೊಳೆಗಳ ಮೆದುನೀರಿನಲ್ಲಿ ಈ ಕಾಟ ಕಡಿಮೆ. ಆದರೆ ಮೆದುನೀರಿನಲ್ಲಿ ಕರಗಿರುವ ಆಮ್ಲಜನಕ ಉಕ್ಕಿನಲ್ಲಿ ಚುಕ್ಕಿಚುಕ್ಕಿಯಾಗಿ ಗುಳಿ ಕೊರೆಯುತ್ತದೆ. ಆದ್ದರಿಂದ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಸ್ವಲ್ಪ ಕ್ಷಾರಗುಣ ಬರುವಂತೆ ಔಷಧ ಬೆರೆಸಿ, ಕಾಲಕಾಲಕ್ಕೆ ಬಾಯ್ಲರನ್ನು ತೊಳೆಯುವುದನ್ನು ತಪ್ಪಿಸಬಾರದು.

ಬಿಡಿಭಾಗಗಳು ಎಲ್ಲಿ ಸಿಗುತ್ತವೆ?

ಅಂಗಡಿಯಲ್ಲಿ ಸಿಗುವುದಿಲ್ಲ, ಏಕೆಂದರೆ ಪಶ್ಚಿಮ ಬಂಗಾಳದ ಚಿತ್ತರಂಜನ್ ರೈಲು ಎಂಜಿನ್ ಕಾರ್ಖಾನೆ ಕೊನೆಯ ಮೀಟರ್ ಗೇಜ್ ಉಗಿ ಎಂಜಿನ್ ಕಟ್ಟಿದ್ದು 1972ರಲ್ಲಿ. ಆದರೆ ಮಾಡಿಸಬಹುದು, ಮತ್ತು ಇದರಲ್ಲಿ ಶಿವಮೊಗ್ಗ–ಭದ್ರಾವತಿಯವರಷ್ಟು ಅನುಕೂಲ ಬೇರೆ ಊರಿನವರಿಗಿಲ್ಲ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಎರಕದ ಕೆಲಸ ಬಲ್ಲ ಫೌಂಡ್ರಿಗಳಿವೆ. ಬ್ರೇಕ್ ಬ್ಲಾಕು, ಬೆಂಕಿಯ ಜಾಲರಿಯ ಸಲಾಕೆಗಳಂಥ ಬೀಡುಕಬ್ಬಿಣದ ಭಾಗಗಳನ್ನು ಹಳೆಯದನ್ನೇ ಮಾದರಿಯಾಗಿಟ್ಟುಕೊಂಡು ಹೊಯ್ಯಬಹುದು. ಒಂದು ಎಚ್ಚರ: ಬೀಡುಕಬ್ಬಿಣ ತಣಿಯುವಾಗ ಸುಮಾರು ಶೇಕಡ ಒಂದರಷ್ಟು ಕುಗ್ಗುತ್ತದೆ. ಹಳೆಯ ಭಾಗವನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದರೆ ಹೊಸದು ಅದಕ್ಕಿಂತ ಚಿಕ್ಕದಾಗುತ್ತದೆ. ಕುಗ್ಗುವ ಅಳತೆಯನ್ನೂ ಸವೆದುಹೋದ ಅಳತೆಯನ್ನೂ ಸೇರಿಸಿ ಮರದ ಪ್ಯಾಟರ್ನ್ ಮಾಡಿಸಬೇಕು. ಹೊಸ ಭಾಗದ ಮೇಲೆ ತಯಾರಾದ ಇಸವಿಯನ್ನು ಕೊರೆಯಿಸಿ. ನಮ್ಮ ನಂತರ ಬರುವವರು ಅದನ್ನು ಹಳೆಯದೆಂದು ತಿಳಿಯಬಾರದು.

ಒತ್ತಡ ತಡೆಯುವ ಭಾಗಗಳನ್ನು ಮಾತ್ರ ಬಾಯ್ಲರ್ ಕೆಲಸಕ್ಕೆ ಮಾನ್ಯತೆ ಪಡೆದವರಲ್ಲದೆ ಬೇರೆಯವರು ಮಾಡಬಾರದು.

ನಿಂತೇ ಇರುವ ಎಂಜಿನ್ನಿನ ಚಕ್ರಗಳಿಗೆ ಏನಾದರೂ ಆರೈಕೆ ಬೇಕೇ?

ಬೇಕು. ಹತ್ತಾರು ಟನ್ ಭಾರ ಒಂದೇ ಬಿಂದುವಿನಲ್ಲಿ ಕುಳಿತರೆ ಎಣ್ಣೆ ಹಿಂಡಿಹೋಗಿ ಅಚ್ಚಿನ ಮೇಲೆ ತುಕ್ಕಿನ ಗೆರೆ ಬೀಳುತ್ತದೆ. ಸಾಧ್ಯವಿದ್ದರೆ ವರ್ಷಕ್ಕೆ ಮೂರ್ನಾಲ್ಕು ಸಲ ಎಣ್ಣೆ ಹಾಕಿ ಚಕ್ರ ಕಾಲುಸುತ್ತು ತಿರುಗುವಷ್ಟು ಎಂಜಿನ್ನನ್ನು ಸರಿಸಿ ನಿಲ್ಲಿಸಬೇಕು. ಸರಿಸುವ ಮುನ್ನ ಸಿಲಿಂಡರಿಗೂ ಎಣ್ಣೆ ಹಾಕದಿದ್ದರೆ ಪಿಸ್ಟನ್ನಿನ ಉಂಗುರಗಳು ಮುರಿಯುತ್ತವೆ.

ಶಿವಮೊಗ್ಗ–ತಾಳಗುಪ್ಪ ಹಳಿಯಲ್ಲಿ ಮತ್ತೆ ಉಗಿ ಗಾಡಿ ಓಡಿಸಬಹುದೇ?

ಇದನ್ನು ಕೇಳುವವರ ಕಣ್ಣಿನ ಹೊಳಪು ನನಗೆ ಗೊತ್ತು, ಆದ್ದರಿಂದ ಉತ್ತರವನ್ನು ಸ್ಪಷ್ಟವಾಗಿಯೇ ಹೇಳಬೇಕು. ಈ ಮಾರ್ಗದ ಹಿಂದಿನ ಎಂಜಿನ್‌ಗಳು 1,000 ಮಿ.ಮೀ. ಅಗಲದ ಮೀಟರ್ ಗೇಜಿನವು. ಈಗಿರುವ ಹಳಿ 1,676 ಮಿ.ಮೀ. ಅಗಲದ ಬ್ರಾಡ್ ಗೇಜ್. ಒಂದರ ಚಕ್ರ ಇನ್ನೊಂದರ ಮೇಲೆ ನಿಲ್ಲುವುದೇ ಇಲ್ಲ. ಬ್ರಾಡ್ ಗೇಜಿನ ಉಗಿ ಎಂಜಿನ್ ತಂದು ವಿಶೇಷ ಗಾಡಿ ಓಡಿಸುವುದು ತಾಂತ್ರಿಕವಾಗಿ ಸಾಧ್ಯ, ಆದರೆ ಅದು ನಮ್ಮ ದಾರಿಯ ನೆನಪಾಗುವುದಿಲ್ಲ. ಮ್ಯೂಸಿಯಂ ಆವರಣದಲ್ಲಿ ಒಂದೆರಡು ಕಿಲೋಮೀಟರ್ ಮೀಟರ್ ಗೇಜ್ ಹಳಿ ಹಾಸಿ ಅದರ ಮೇಲೆ ಮೂಲ ತರಗತಿಯ ಎಂಜಿನ್ನನ್ನೇ ಓಡಿಸುವುದು ನನಗೆ ಹೆಚ್ಚು ಸರಿಯೆನಿಸುತ್ತದೆ.

ದೇಶದಲ್ಲಿ ಬೇರೆಲ್ಲಿ ಇಂಥ ಕೆಲಸ ನಡೆದಿದೆ? ಹೋಗಿ ನೋಡಬಹುದೇ?

ಹತ್ತಿರದಲ್ಲಿ ಮೈಸೂರಿನ ರೈಲು ಮ್ಯೂಸಿಯಂ ಇದೆ. 1979ರಲ್ಲಿ ಆರಂಭವಾದ ಅಲ್ಲಿ ಮೈಸೂರು ಮಹಾರಾಣಿಯವರ 1899ರ ಸಲೂನ್ ಬೋಗಿಯನ್ನು ನೋಡಲೇಬೇಕು. ಹುಬ್ಬಳ್ಳಿಯ ಮ್ಯೂಸಿಯಂ 2020ರಲ್ಲಿ ತೆರೆಯಿತು. ಓಡುವ ಉಗಿ ಎಂಜಿನ್ ನೋಡಬೇಕೆಂದರೆ ನೀಲಗಿರಿಗೆ ಹೋಗಿ. ಮೆಟ್ಟುಪಾಳ್ಯಂನಿಂದ ಮೇಲೇರುವ ಹಲ್ಲುಹಳಿಯ ದಾರಿಗೆ 2005ರಲ್ಲಿ ಯುನೆಸ್ಕೊ ಮಾನ್ಯತೆ ದೊರೆಯಿತು. ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಅದರ ಎಂಜಿನ್‌ಗಳ ಮಾದರಿಯಲ್ಲೇ ತಿರುಚ್ಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯವರು ಹೊಸ ಎಂಜಿನ್‌ಗಳನ್ನು ಕಟ್ಟಿದ್ದಾರೆ ಎಂಬುದು ಈ ವಿದ್ಯೆ ಸತ್ತಿಲ್ಲವೆನ್ನಲು ಸಾಕ್ಷಿ. ಹರಿಯಾಣದ ರೇವಾಡಿಯಲ್ಲಿ ಹಳೆಯ ಶೆಡ್ಡನ್ನೇ ಉಗಿ ಎಂಜಿನ್‌ಗಳ ನೆಲೆಯಾಗಿ ಉಳಿಸಿಕೊಂಡಿದ್ದಾರೆ. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಯಾರಾದ ಫೇರಿ ಕ್ವೀನ್ ಎಂಜಿನ್ 1997ರಲ್ಲಿ ಮತ್ತೆ ಪ್ರವಾಸಿಗರ ಗಾಡಿ ಎಳೆಯಲು ಹೊರಟಿತು.

ಉಗಿಯ ಬದಲು ಗಾಳಿಯ ಒತ್ತಡದಿಂದ ಎಂಜಿನ್ ಚಲಿಸುವಂತೆ ಮಾಡಬಹುದೇ?

ಕಂಪ್ರೆಸರಿನ ಗಾಳಿಯನ್ನು ಬೇರೆ ಪೈಪಿನಿಂದ ಕಡಿಮೆ ಒತ್ತಡದಲ್ಲಿ ನೇರ ಸಿಲಿಂಡರಿಗೆ ಕೊಟ್ಟು ನಾಲ್ಕು ಹೆಜ್ಜೆ ಚಲಿಸುವಂತೆ ಮಾಡಬಹುದು. ಹಳೆಯ ಬಾಯ್ಲರಿಗೇ ಗಾಳಿ ತುಂಬುವ ಯೋಚನೆ ಮಾತ್ರ ಬೇಡ. ಕುಗ್ಗಿ ಕುಳಿತ ಗಾಳಿ ನೀರಿನಂತಲ್ಲ, ಬಿರಿದರೆ ಸಿಡಿಯುತ್ತದೆ.

ಎಂಜಿನ್ ಕೆಲಸ ಗೊತ್ತಿಲ್ಲದ ನಮ್ಮಂಥವರು ಏನು ಮಾಡಬಹುದು?

ಉಗಿ ಎಂಜಿನ್ ಓಡಿಸಿದ ಡ್ರೈವರ್, ಫೈರ್‌ಮನ್, ಫಿಟ್ಟರ್, ಗ್ಯಾಂಗ್‌ಮನ್ನರು ನಿಮ್ಮ ಬೀದಿಯಲ್ಲಿದ್ದರೆ ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ. "ನಿಮ್ಮ ಅನುಭವ ಹೇಳಿ" ಎಂದರೆ ಅವರು ಎರಡು ಮಾತಿಗೆ ನಿಲ್ಲಿಸುತ್ತಾರೆ. ಕೈಗೆ ಒಂದು ಹಳೆಯ ಸಲಿಕೆಯನ್ನೋ ಎಣ್ಣೆಡಬ್ಬಿಯನ್ನೋ ಕೊಟ್ಟು, "ಅಜ್ಜ, ಏರುದಾರಿ ಬಂದರೆ ಕಲ್ಲಿದ್ದಲು ಎಲ್ಲಿಗೆ ಎಸೀತಿದ್ರಿ?" ಎಂದು ಕೇಳಿ. ನನ್ನ ತಂದೆ ಹೀಗೆ ಕೇಳಿದಾಗ ಕುರ್ಚಿಯಿಂದೆದ್ದು ನಿಂತು, ಇಲ್ಲದ ಸಲಿಕೆಯನ್ನು ಹಿಡಿದು, ಹಿಂದಿನ ಎರಡು ಮೂಲೆಗಳಿಗೆ ಹೆಚ್ಚು, ನಡುವೆ ತೆಳ್ಳಗೆ, ಪ್ರತಿ ಸಲಿಕೆಗೂ ಬಾಗಿಲು ಮುಚ್ಚಿ, ಎಂದು ಮಾಡಿ ತೋರಿಸಿದರು. ಆ ಮೈಮಾತು ಯಾವ ಕೈಪಿಡಿಯಲ್ಲೂ ಇಲ್ಲ.

ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಕೈದೀಪ, ಸಮಯಸಾರಣಿ, ಡ್ಯೂಟಿ ಪುಸ್ತಕ ಇವೆ. ಏನು ಮಾಡಲಿ?

ಗುಜರಿಗೆ ಹಾಕಬೇಡಿ, ಹೊಳಪಿಸಲೂ ಹೋಗಬೇಡಿ. ಹುಣಸೆಹುಳಿ ಹಚ್ಚಿ ಉಜ್ಜಿದರೆ ಹಿತ್ತಾಳೆ ಹೊಳೆಯುತ್ತದೆ ನಿಜ, ಆದರೆ ಮೇಲಿನ ಅಕ್ಷರಗಳು ಒಂದೊಂದು ಸಲಕ್ಕೂ ಸವೆಯುತ್ತವೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಕಾಗದಪತ್ರಗಳ ಪ್ರತಿ ಪುಟದ ಫೋಟೊ ತೆಗೆದು, ಮಳೆಗಾಲಕ್ಕೆ ಮೊದಲು ಹತ್ತಿಬಟ್ಟೆಯಲ್ಲಿ ಸುತ್ತಿ, ಗೆದ್ದಲು ಹತ್ತದಂತೆ ಗೋಡೆಗೆ ತಾಗದ ಕಪಾಟಿನಲ್ಲಿಡಿ. ವಸ್ತು ಯಾರದು, ಯಾವ ಶೆಡ್ಡಿನಲ್ಲಿ ಬಳಸಿದ್ದು, ಮನೆಗೆ ಹೇಗೆ ಬಂತು ಎಂಬುದನ್ನು ಪೆನ್ಸಿಲಿನಲ್ಲಿ ಬರೆದು ಅದರ ಜೊತೆಗಿಡಿ. ಇಂಕು ಪಸೆಗೆ ಹರಡುತ್ತದೆ. ಮುಂದೆ ಮ್ಯೂಸಿಯಂಗೆ ಕೊಡುವುದಾದರೆ ಆ ಚೀಟಿಯನ್ನೂ ಸೇರಿಸಿ ಕೊಟ್ಟು, ಸ್ವೀಕೃತಿಪತ್ರವನ್ನು ಕೇಳಿ ಪಡೆಯಿರಿ.